ಅಪ್ಪಯ್ಯನ ಭುಜ ಮತ್ತು ಕಾರಿನ ಬೆಲ್ಟು

"ಕಾರು ಕೊಟ್ಟುಬಿಡೋಣ ಅಂತ ಮಾಡಿದೀನಿ ಪುಟ್ಟಿ. ಸೋಮವಾರ ಬ್ರೋಕರ್ ಬರ್ತಾನೆ."

ಕಳೆದ ದಸರಾ ರಜೆಗೆ ಊರಿಗೆ ಹೋದ ಮೊದಲ ರಾತ್ರಿ ಊಟಕ್ಕೆ ಕೂತಾಗ ಅಪ್ಪಯ್ಯ ಹೀಗಂದರು. ಹಳೇ ಪೇಪರ್ ತೂಕಕ್ಕೆ ಹಾಕುವ ವಿಷಯ ಹೇಳಿದಷ್ಟೇ ಸಲೀಸಾಗಿ ಹೇಳಿದ್ದರು. ಸಾರು ಬಡಿಸುತ್ತಿದ್ದ ಅಮ್ಮ ಮಾತ್ರ ಸೌಟು ಹಿಡಿದುಕೊಂಡೇ ಒಂದು ಕ್ಷಣ ನಿಂತಳು.

"ಯಾಕೆ ಅಪ್ಪಯ್ಯ?" ಅಂದೆ.

"ಕೈಲಿ ಆಗೋದಿಲ್ಲ. ಸ್ಟೀರಿಂಗ್ ತಿರುಗ್ಸೋದ್ರಲ್ಲಿ ಭುಜ ಬಿದ್ದು ಹೋಗ್ತದೆ. ಅರವತ್ತೆಂಟಾಯ್ತಲ್ಲ, ಇನ್ನೆಷ್ಟು ದಿನ ಓಡಿಸೋದು?"

ಒಂದು ತಪ್ಪೊಪ್ಪಿಗೆಯನ್ನು ಇಲ್ಲೇ ಮಾಡಿಬಿಡುತ್ತೇನೆ. ಈ ಮಾತು ನಾನು ಮೊದಲ ಸಲ ಕೇಳಿದ್ದಲ್ಲ. ನಾಲ್ಕೈದು ತಿಂಗಳ ಹಿಂದೆಯೇ ಅಪ್ಪಯ್ಯ ಫೋನಿನಲ್ಲಿ, "ಯಾಕೋ ಸ್ಟೀರಿಂಗ್ ಭಾರ ಆಗ್ತದೆ ಮಾರಾಯ್ತಿ" ಅಂದಿದ್ದರು. ಆಗ ನಾನು ಬೆಂಗಳೂರಿನ ಮನೆಯಲ್ಲಿ ಲ್ಯಾಪ್‌ಟಾಪ್ ಎದುರು, ಒಂದು ಕಿವಿಗೆ ಮೀಟಿಂಗ್ ಇನ್ನೊಂದು ಕಿವಿಗೆ ಅಪ್ಪಯ್ಯ ಅಂತ ಕೂತಿದ್ದೆ. "ವಯಸ್ಸಾಯ್ತಲ್ಲ ಅಪ್ಪಯ್ಯ. ಎಲ್ಲಿಗಾದ್ರೂ ಹೋಗೋದಿದ್ರೆ ಬಾಡಿಗೆ ಕಾರು ಮಾಡ್ಕೊಳ್ಳಿ, ದುಡ್ಡು ನಾನು ಹಾಕ್ತೀನಿ" ಅಂದೆ. ದುಡ್ಡು ಹಾಕ್ತೀನಿ ಅಂದಮೇಲೆ ಮಗಳ ಕರ್ತವ್ಯ ಮುಗೀತು ಅಂದುಕೊಂಡಿದ್ದೆ.

ನನ್ನದು ಸಾಫ್ಟ್‌ವೇರ್ ಕೆಲಸ. ಬಳಸುವವರಿಂದ ದಿನಾ ದೂರುಗಳು ಬರುತ್ತವೆ. "ಬಟನ್ ಒತ್ತಿದರೆ ಏನೂ ಆಗ್ತಿಲ್ಲ" ಅಂತ ಯಾರೋ ಬರೆದಿರುತ್ತಾರೆ. ಅದನ್ನು ಸರಿಯಾಗಿ ನೋಡದೆ "ಯೂಸರ್ ಎರರ್" ಅಂತ ಬರೆದು ಮುಚ್ಚಿಬಿಡುವುದು ನಮ್ಮಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ, ಎಲ್ಲಕ್ಕಿಂತ ಕೆಟ್ಟ ಕೆಲಸ ಕೂಡ. ಹೊಸದಾಗಿ ಸೇರಿದ ಹುಡುಗರು ಹಾಗೆ ಮಾಡಿದರೆ ನಾನೇ ಬೈಯುತ್ತೇನೆ. ಅಪ್ಪಯ್ಯನ ದೂರನ್ನು ನಾನು ಮುಚ್ಚಿದ್ದು ಹಾಗೆಯೇ.

ನಮ್ಮದು ಸಾಗರ. ಪೇಟೆಯಿಂದ ಸ್ವಲ್ಪ ಹೊರಗೆ ಮನೆ. ಅಪ್ಪಯ್ಯ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಟ್ಟಿನ ಗಿರಣಿ ನಡೆಸಿದವರು. ರಾಗಿ, ಗೋಧಿ, ಮೆಣಸಿನಪುಡಿ, ಅಕ್ಕಿಹಿಟ್ಟು ಎಲ್ಲಾ ಇತ್ತು. ಸಣ್ಣವಳಿದ್ದಾಗ ಶಾಲೆ ಬಿಟ್ಟ ಮೇಲೆ ನಾನು ಗಿರಣಿಯ ಬಾಗಿಲಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಒಳಗೆ ಮೋಟಾರಿನಿಂದ ಕಲ್ಲಿಗೆ ಹೋಗುವ ಅಗಲ ಪಟ್ಟಿಯ ಬೆಲ್ಟು ಪಟಪಟ ಅಂತ ತಿರುಗುತ್ತಿತ್ತು. ಆ ಗದ್ದಲದಲ್ಲಿ ಮಾತಾಡಬೇಕಾದರೆ ಕೂಗಬೇಕು. ಅದಕ್ಕೇ ಇರಬೇಕು, ನಮ್ಮ ಮನೆಯಲ್ಲಿ ಈಗಲೂ ಎಲ್ಲರೂ ಜೋರಾಗಿ ಮಾತಾಡುತ್ತೇವೆ.

2013ರಲ್ಲಿ ಅಪ್ಪಯ್ಯ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. 2008ರ ಮಾಡೆಲ್. ಗಿರಣಿ ದುಡ್ಡಲ್ಲಿ, ಸಾಲ ಮಾಡದೆ ಕೊಂಡಿದ್ದು. ಅಮ್ಮನ ಮಂಡಿನೋವಿಗೆ ಶಿವಮೊಗ್ಗದ ಡಾಕ್ಟರ ಹತ್ತಿರ ಹೋಗುವುದು, 70 ಕಿ.ಮೀ. ಆಸುಪಾಸು. ಮಾವಿನಗುಂಡಿ ದಾಟಿ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರದ ಅತ್ತೆ ಮನೆಗೆ ಹೋಗುವುದು. ಈ ಎರಡು ದಾರಿಗಳೇ ಆ ಕಾರಿನ ಜೀವನ. ಗಿರಣಿ ಮುಚ್ಚಿದ ಮೇಲೆ ಅಪ್ಪಯ್ಯನಿಗೆ 'ಹೊರಡೋದು' ಅಂತ ಉಳಿದಿದ್ದೂ ಅದೊಂದೇ.

ಆ ರಾತ್ರಿ ಅಮ್ಮನ ಹತ್ತಿರ ಕೇಳಿದಾಗ ಗೊತ್ತಾಯಿತು: ಹೊನ್ನಾವರಕ್ಕೆ ಹೋಗದೆ ಐದು ತಿಂಗಳಾಗಿತ್ತು. ಅತ್ತೆಗೆ ಹುಷಾರಿಲ್ಲ ಅಂತ ಗೊತ್ತಿದ್ದೂ ಹೋಗಿರಲಿಲ್ಲ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದರು. ಮಂಡಿನೋವಿನ ಅಮ್ಮ ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದಳು. ಇದನ್ನು ಇಬ್ಬರೂ ನನಗೆ ಹೇಳಿರಲಿಲ್ಲ.

ಮಾರನೇ ದಿನ, ಶನಿವಾರ, ಪೂಜೆಗೆ ಹೂವು, ಬಾಳೆಹಣ್ಣು ತರಲು ಪೇಟೆಗೆ ನಾನೇ ಕಾರು ತೆಗೆದೆ. ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ "ಕಿರ್ರ್ರ್ರ್..." ಅಂತ ಒಂದು ಚೂಪಾದ ಶಬ್ದ. ಎರಡು ಸೆಕೆಂಡಿಗೆ ನಿಂತಿತು. ಗೇಟಿನಿಂದ ಹೊರಗೆ ತಿರುಗಿಸಲು ಸ್ಟೀರಿಂಗನ್ನು ಪೂರ್ತಿ ಎಳೆದಾಗ ಮತ್ತೆ ಅದೇ ಕಿರುಚಾಟ, ಈ ಸಲ ಇನ್ನೂ ಜೋರು. ಜೊತೆಗೆ ಸ್ಟೀರಿಂಗ್ ಕೈಗೆ ಬರಲೇ ಇಲ್ಲ. ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ ಎಳೆಯಬೇಕಾಯಿತು. ಮಾರಿಗುಡಿ ಹತ್ತಿರ ಪಾರ್ಕ್ ಮಾಡುವಷ್ಟರಲ್ಲಿ ನನ್ನ ತೋಳು ಸೋತು ಹೋಗಿತ್ತು. ನನಗೆ ಮೂವತ್ತು ವರ್ಷ. ವಾರಕ್ಕೆ ಮೂರು ದಿನ ಜಿಮ್ಮಿಗೆ ಹೋಗುತ್ತೇನೆ.

ಪಾರ್ಕ್ ಮಾಡಿ ಸುಮ್ಮನೆ ಸೀಟಿನಲ್ಲೇ ಕೂತೆ. ಇದು ವಯಸ್ಸಿನ ತೊಂದರೆ ಅಲ್ಲವೇ ಅಲ್ಲ.

ಮನೆಗೆ ಬಂದು ಅಮ್ಮನಿಗೆ, "ಕಾರು ಕಿರುಚ್ತದಲ್ಲ, ಯಾವಾಗಿಂದ?" ಅಂದೆ.

"ಮಳೆಗಾಲಕ್ಕೆ ಮುಂಚಿಂದ್ಲೂ ಇದೆ. ನಾಯಿಮರಿ ಬಾಲ ತುಳಿದ ಹಾಗೆ ಕೂಗ್ತದೆ. ನಾನು ಇವರಿಗೆ ಹೇಳಿದೆ. ಎಂತ ಶಬ್ದವೂ ಇಲ್ಲ, ನಿನಗೆ ಭ್ರಮೆ ಅಂದ್ರು. ಕಾರಿನ ವಿಷಯ ನಂಗೆಂತ ಗೊತ್ತು ಅಂತ ಸುಮ್ಮನಾದೆ."

ಅಪ್ಪಯ್ಯ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಅವರ ಎದುರೇ ಮತ್ತೆ ಸ್ಟಾರ್ಟ್ ಮಾಡಿದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದೆ. ಪಕ್ಕದ ಮನೆಯ ನಾಯಿ ಬೊಗಳಿತು. "ಕೇಳ್ತಾ ಅಪ್ಪಯ್ಯ?" ಅಂದೆ. ಅವರು ನನ್ನ ಮುಖ ನೋಡಿದರು. "ಎಂಜಿನ್ ಶಬ್ದ ತಾನೆ? ಸರಿಯಾಗೇ ಇದೆಯಲ್ಲ" ಅಂದರು.

ವರ್ಷಗಟ್ಟಲೆ ಗದ್ದಲದಲ್ಲಿ ಕೆಲಸ ಮಾಡಿದವರ ಕಿವಿ ಮೊದಲು ಕಳೆದುಕೊಳ್ಳುವುದು ಚೂಪಾದ, ಎತ್ತರದ ಶಬ್ದಗಳನ್ನು. 4000 ಹರ್ಟ್ಸ್ ಆಸುಪಾಸಿನ ಸ್ವರ ಮೊದಲು ಹೋಗುತ್ತದೆ. ಮಾತು, ಎಂಜಿನ್ನಿನ ಗುಡುಗುಡು ಎಲ್ಲಾ ಕೇಳುತ್ತಿರುತ್ತದೆ, ಹಾಗಾಗಿ ಕಿವಿ ಹೋಗಿದೆ ಅಂತ ಅವರಿಗೇ ಗೊತ್ತಾಗುವುದಿಲ್ಲ. ಕಾರು ಐದಾರು ತಿಂಗಳಿಂದ ಕೂಗಿ ಕೂಗಿ ಹೇಳುತ್ತಿತ್ತು. ಅಪ್ಪಯ್ಯನಿಗೆ ಕೇಳಿಸಲಿಲ್ಲ. ಅಮ್ಮನಿಗೆ ಕೇಳಿಸಿತು, ಅವಳ ಮಾತನ್ನು ಯಾರೂ ಕೇಳಲಿಲ್ಲ. ನನಗೆ ಫೋನಿನಲ್ಲಿ ಹೇಳಿದರು, ನಾನು ಕೇಳಿಯೂ ಕೇಳಲಿಲ್ಲ.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ನಗಬೇಡಿ. ನಮ್ಮ ಕ್ಲಾಸಿನ ಅರ್ಧಕ್ಕರ್ಧ ಜನರ ಹಾಗೆ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಸಾಫ್ಟ್‌ವೇರ್ ಕಂಪನಿಗೆ ಸೇರಿಕೊಂಡೆ. ಬೆಲ್ಟ್ ಡ್ರೈವ್ ಮೇಲೆ ಹತ್ತು ಮಾರ್ಕಿನ ಪ್ರಶ್ನೆ ಎಷ್ಟೋ ಸಲ ಬರೆದಿದ್ದೇನೆ, ಸ್ವಂತ ಮನೆಯ ಕಾರಿನ ಬಾನೆಟ್ ಮಾತ್ರ ಒಂದು ದಿನವೂ ಎತ್ತಿರಲಿಲ್ಲ. ಅವತ್ತು ಗ್ಲೋವ್ ಬಾಕ್ಸಿನಲ್ಲಿದ್ದ ಕಾರಿನ ಪುಸ್ತಕ ತೆಗೆದು, ಜಗಲಿಯಲ್ಲಿ ಕೂತು, ಪರೀಕ್ಷೆಗೆ ಓದಿದ ಹಾಗೆ ಓದಿದೆ.

ವಿಷಯ ಬಹಳ ಸರಳ. ನಮ್ಮ ಕಾರಿನ ಹಾಗೆ ಹಳೇ ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಕಾರಿನಲ್ಲಿ ಒಂದು ಸಣ್ಣ ಪಂಪ್ ಇರುತ್ತದೆ. ಎಂಜಿನ್ ತಿರುಗುವಾಗ ಒಂದು ರಬ್ಬರ್ ಬೆಲ್ಟ್ ಆ ಪಂಪನ್ನು ತಿರುಗಿಸುತ್ತದೆ. ಪಂಪ್ ಎಣ್ಣೆಯನ್ನು ಒತ್ತಡದಲ್ಲಿ ಕಳಿಸುತ್ತದೆ, ಆ ಒತ್ತಡವೇ ಚಕ್ರ ತಿರುಗಿಸಲು ನಮ್ಮ ಕೈಗೆ ಸಹಾಯ ಮಾಡುವುದು. ಗಾಡಿ ನಿಂತಿರುವಾಗ ಅಥವಾ ನಿಧಾನ ಹೋಗುವಾಗ ಈ ಸಹಾಯ ಹೆಚ್ಚು ಬೇಕು. ನೇರ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಅಷ್ಟು ಬೇಡ. ಅಪ್ಪಯ್ಯ ಮೊದಲು ಬಿಟ್ಟಿದ್ದು ಘಾಟಿಯ ದಾರಿ, ಆಮೇಲೆ ಪೇಟೆಯ ಪಾರ್ಕಿಂಗ್, ಕೊನೆಗೆ ಶಿವಮೊಗ್ಗ. ಲೆಕ್ಕ ಸರಿಯಾಗಿ ಕೂರುತ್ತಿತ್ತು.

ಈಗ ಬರುವ ಹೆಚ್ಚಿನ ಕಾರುಗಳಲ್ಲಿ ಇದರ ಬದಲು ಎಲೆಕ್ಟ್ರಿಕ್ ಮೋಟಾರು ಇರುತ್ತದೆ. ಅದಕ್ಕೆ ಎಣ್ಣೆಯೂ ಇಲ್ಲ, ಪಂಪಿನ ಬೆಲ್ಟೂ ಇಲ್ಲ. ನಿಮ್ಮದು ಯಾವುದು ಅಂತ ಕಾರಿನ ಪುಸ್ತಕದಲ್ಲೇ ಬರೆದಿರುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದು ಮಧ್ಯಾಹ್ನ ಬಾನೆಟ್ ಎತ್ತಿದೆ. ಗಾಡಿ ಸಮನಾದ ಜಾಗದಲ್ಲಿತ್ತು. ಸ್ಟೀರಿಂಗ್ ಎಣ್ಣೆಯ ಡಬ್ಬಿ ಬಿಳಿ ಪ್ಲಾಸ್ಟಿಕ್ಕಿನದು, ಹೊರಗೆ ಎರಡು ಗೆರೆ: ಮ್ಯಾಕ್ಸ್, ಮಿನ್. ಬಟ್ಟೆಯಿಂದ ಧೂಳು ಒರೆಸಿ ನೋಡಿದರೆ ಎಣ್ಣೆ ಮಿನ್ ಗೆರೆಗಿಂತ ಎರಡು ಬೆರಳು ಕೆಳಗೆ! ಮುಚ್ಚಳ ತೆಗೆದೆ. ಹೊಸದಾಗಿದ್ದಾಗ ಕೆಂಪಗಿರುವ ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಮೇಲೆ ಸಣ್ಣ ಸಣ್ಣ ಗುಳ್ಳೆ. ಎಣ್ಣೆ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಗಾಳಿ ಎಣ್ಣೆಯ ಹಾಗೆ ಒತ್ತಡ ಕೊಡುವುದಿಲ್ಲ. ಅದೂ ಅಲ್ಲದೆ ಪಂಪಿನ ಒಳಗಿನ ಭಾಗಗಳು ಸವೆಯದಂತೆ ಕಾಯುವುದೂ ಇದೇ ಎಣ್ಣೆ. ಹೀಗೇ ಓಡಿಸಿದ್ದರೆ ಪಂಪೇ ಹೋಗುತ್ತಿತ್ತು.

ನನಗೆ ಆಗ ಗೊತ್ತಾದ ಮುಖ್ಯ ವಿಷಯ ಒಂದಿದೆ. ಪೆಟ್ರೋಲಿನ ಹಾಗೆ ಈ ಎಣ್ಣೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸುಮ್ಮನೆ ಮೇಲಿಂದ ತುಂಬಿಸಿದರೆ ತೂತಿನ ಬಿಂದಿಗೆಗೆ ನೀರು ಹಾಕಿದ ಹಾಗೆ.

ಮೊಬೈಲ್ ಟಾರ್ಚ್ ಹಾಕಿ ಹುಡುಕಿದೆ. ಡಬ್ಬಿಯ ಕೆಳಗೆ ಎಣ್ಣೆ ವಾಪಸ್ ಬರುವ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು, ಅದರ ಕ್ಲಿಪ್ಪು ತುಕ್ಕು ಹಿಡಿದು ಸಡಿಲವಾಗಿತ್ತು. ಅಲ್ಲಿಂದ ಎಣ್ಣೆ ಹನಿಹನಿಯಾಗಿ ಜಾರಿ ನೇರ ಬೆಲ್ಟಿನ ಮೇಲೆ ಬೀಳುತ್ತಿತ್ತು. ಎಣ್ಣೆ ಕುಡಿದ ಬೆಲ್ಟು ಪುಲ್ಲಿಯ ಮೇಲೆ ಜಾರುತ್ತಿತ್ತು, ಜಾರಿದಾಗೆಲ್ಲ ಕಿರುಚುತ್ತಿತ್ತು. ಒಂದು ಸಣ್ಣ ಕ್ಲಿಪ್ಪಿನಿಂದ ಎರಡು ಕಡೆ ಪೆಟ್ಟು: ಪಂಪಿಗೆ ಎಣ್ಣೆಯೂ ಇಲ್ಲ, ಅದನ್ನು ತಿರುಗಿಸುವ ಬೆಲ್ಟಿಗೆ ಹಿಡಿತವೂ ಇಲ್ಲ.

ಅಷ್ಟರಲ್ಲಿ ನನ್ನ ಹಿಂದೆ ಯಾರೋ ನಿಂತ ಹಾಗಾಯಿತು. ಅಪ್ಪಯ್ಯ.

"ಕೈ ತೆಗಿ" ಅಂದರು. ಸ್ಟೀರಿಂಗ್ ಹತ್ತಿರ ಹೋಗಿ ಕೀ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡರು. "ಈಗ ನೋಡು."

ಗಿರಣಿಯಲ್ಲೂ ಅವರದು ಅದೇ ಪದ್ಧತಿ. ಬೆಲ್ಟಿಗೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ಚಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಫ್ ಮಾಡಿದರೆ ಸಾಲದು, ಬೇರೆ ಯಾರೂ ಆನ್ ಮಾಡುವ ಹಾಗೂ ಇರಬಾರದು. ನನ್ನ ದುಪಟ್ಟಾ ತೆಗೆಸಿದರು, ಕೂದಲು ಗಂಟು ಹಾಕಿಸಿದರು. ಆಮೇಲೆ ಬಗ್ಗಿ, ಹೆಬ್ಬೆರಳಿನಿಂದ ಎರಡು ಪುಲ್ಲಿಗಳ ಮಧ್ಯೆ ಬೆಲ್ಟನ್ನು ಒತ್ತಿದರು. ಮುಖ ಗಂಟಾಯಿತು.

"ಥೂ, ಇದೆಂತ ಹಗ್ಗವಾ? ಇಷ್ಟು ಸಡಿಲ ಬಿಟ್ಟರೆ ಕಲ್ಲು ತಿರುಗೋದು ಹೌದಾ?"

ಕಾರಿನಲ್ಲಿ ಕಲ್ಲಿಲ್ಲ ಅಂತ ನಾನೂ ಹೇಳಲಿಲ್ಲ, ಅವರೂ ತಿದ್ದಿಕೊಳ್ಳಲಿಲ್ಲ. ಪುಸ್ತಕದ ಪ್ರಕಾರ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ನಮ್ಮ ಕಾರಿನ ಬೆಲ್ಟು ಸುಮಾರು 10 ಮಿ.ಮೀ. ಬಗ್ಗಬೇಕು. ಅದು ಒಂದು ಇಂಚಿನಷ್ಟು ಬಗ್ಗುತ್ತಿತ್ತು. ಬೆಲ್ಟನ್ನು ತಿರುವಿ ಒಳಮೈ ತೋರಿಸಿದರು. ಗೀರು ಗೀರಾಗಿರಬೇಕಾದ ಹಲ್ಲುಗಳ ಮೇಲೆ ಕನ್ನಡಿಯಂಥ ಹೊಳಪು, ಎರಡು ಕಡೆ ಸೀಳು. "ಇದು ಸತ್ತ ಬೆಲ್ಟು. ಹೊಸದೇ ಹಾಕ್ಬೇಕು" ಅಂದರು. ಅಷ್ಟೂ ವರ್ಷ ಬೆಲ್ಟಿನ ಜೊತೆಗೇ ಬದುಕಿದವರು. ಕಾರಿನ ಬಾನೆಟ್ ಒಳಗೂ ಅದೇ ಬೆಲ್ಟು ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷದಿಂದ ಗಾಡಿ ಹೆಚ್ಚು ಓಡಿಲ್ಲ ಅಂತ ಸರ್ವಿಸ್ಸಿಗೂ ಬಿಟ್ಟಿರಲಿಲ್ಲ.

ಬೆಲ್ಟಿನ ಬೆನ್ನ ಮೇಲೆ ಮಾಸಿದ ಅಕ್ಷರ ಇತ್ತು: 4 ಪಿ.ಕೆ. 890. ನಾಲ್ಕು ಹಲ್ಲಿನ ಸಾಲು, ಪಿ.ಕೆ. ಅನ್ನುವುದು ಆ ಹಲ್ಲಿನ ನಮೂನೆ, 890 ಅಂದರೆ ಮಿಲಿಮೀಟರಿನಲ್ಲಿ ಉದ್ದ. ಅದರ ಫೋಟೊ ತೆಗೆದುಕೊಂಡು, ಪೈಪಿನ ತುಂಡಿನ ಅಳತೆ ಬರೆದುಕೊಂಡು ಆಟೊಮೊಬೈಲ್ಸ್ ಅಂಗಡಿಗೆ ಹೋದೆವು. ಅಲ್ಲಿ ನಿಂತಿದ್ದ ಗಿರಾಕಿಯೊಬ್ಬರು ಪುಕ್ಕಟೆ ಸಲಹೆ ಕೊಟ್ಟರು: "ಬೆಲ್ಟಿಗೆ ಸ್ವಲ್ಪ ಸೋಪು ಉಜ್ಜಿ, ಸ್ಟೀರಿಂಗಿಗೆ ಬ್ರೇಕ್ ಆಯಿಲ್ ಹಾಕಿ, ಎಲ್ಲಾ ಒಂದೇ." ಎರಡೂ ತಪ್ಪು. ಸೋಪು ಹಚ್ಚಿದರೆ ನಾಲ್ಕು ದಿನ ಶಬ್ದ ಮುಚ್ಚಿಹೋಗುತ್ತದೆ, ಕಾಯಿಲೆ ಹಾಗೇ ಇರುತ್ತದೆ. ಬ್ರೇಕ್ ಆಯಿಲ್ ಹಾಕಿದರಂತೂ ಸ್ಟೀರಿಂಗಿನ ಒಳಗಿನ ರಬ್ಬರ್ ಸೀಲುಗಳೇ ಹಾಳಾಗುತ್ತವೆ. ಸ್ಟೀರಿಂಗ್ ಎಣ್ಣೆಯಲ್ಲೂ ಬೇರೆ ಬೇರೆ ಜಾತಿ ಇದೆ. ಕಾರಿನ ಪುಸ್ತಕದಲ್ಲಿ ಅಥವಾ ಡಬ್ಬಿಯ ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದನ್ನೇ ಹಾಕಬೇಕು. ನಮ್ಮದಕ್ಕೆ ಎ.ಟಿ.ಎಫ್. ಅಂತ ಇತ್ತು. ಎಣ್ಣೆ, ಬೆಲ್ಟು, ಪೈಪು, ಎರಡು ಕ್ಲಿಪ್ಪು, ಮೆಡಿಕಲ್ ಶಾಪಿನಿಂದ ಒಂದು ದೊಡ್ಡ ಸಿರಿಂಜು ಸೇರಿ ಎಲ್ಲಾ 1,500 ರೂಪಾಯಿ ಆಸುಪಾಸಿನಲ್ಲಿ ಮುಗಿಯಿತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಂಗಳಕ್ಕೆ ಇಳಿದೆವು. ಪಕ್ಕದ ಮನೆಯ ಟೆಂಪೊ ಮಾಲೀಕರಿಂದ ಎರಡು ಕಬ್ಬಿಣದ ಸ್ಟ್ಯಾಂಡ್ ತಂದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರ ನೆಲ ಬಿಡುವಷ್ಟು ಎತ್ತಿದೆವು. ಬರೀ ಜಾಕಿನ ಮೇಲೆ ಗಾಡಿ ನಿಲ್ಲಿಸಿ ಯಾರೂ ಕೈ ಹಾಕಬಾರದು. ಸಿರಿಂಜಿನಿಂದ ಡಬ್ಬಿಯ ಹಳೇ ಎಣ್ಣೆ ಎಳೆದು ತೆಗೆದೆ. ಒಡೆದ ಪೈಪು ಕಿತ್ತು ಹೊಸದು ಹಾಕಿ ಕ್ಲಿಪ್ಪು ಬಿಗಿದೆ. ಇದು ಎಣ್ಣೆ ವಾಪಸ್ ಬರುವ ಪೈಪು, ಒತ್ತಡ ಕಡಿಮೆ, ಹಾಗಾಗಿ ಮನೆಯಲ್ಲಿ ಮಾಡಬಹುದು. ಪಂಪಿನಿಂದ ಹೊರಡುವ ಹೆಚ್ಚು ಒತ್ತಡದ ಪೈಪು ಸೋರುತ್ತಿದ್ದರೆ ನಾವು ಮುಟ್ಟುವುದಲ್ಲ, ಮೆಕ್ಯಾನಿಕ್ ಹತ್ತಿರವೇ ಹೋಗಬೇಕು. ಹಾಗೆಯೇ ಎಂಜಿನ್ನಿನ ಒಳಗಿರುವ ಟೈಮಿಂಗ್ ಬೆಲ್ಟು ಬೇರೆ, ಇದು ಬೇರೆ. ಅದಕ್ಕೂ ಕೈ ಹಾಕಬಾರದು.

ನಮ್ಮ ಅದೃಷ್ಟಕ್ಕೆ ಕಾರಿನ ಮೂರು ಬೆಲ್ಟುಗಳಲ್ಲಿ ಸ್ಟೀರಿಂಗಿನದು ಎಲ್ಲಕ್ಕಿಂತ ಹೊರಗಿತ್ತು. ಪಂಪಿನ ಎರಡು ಬೋಲ್ಟ್ ಸಡಿಲ ಮಾಡಿ ಪಂಪನ್ನು ಒಳಗೆ ತಳ್ಳಿದರೆ ಹಳೇ ಬೆಲ್ಟು ಕೈಗೆ ಬಂತು. ಹೊಸದನ್ನು ಹಾಕಹೊರಟ ನನ್ನನ್ನು ಅಪ್ಪಯ್ಯ ತಡೆದರು. "ಪುಲ್ಲಿ ಒರೆಸದೆ ಹಾಕ್ತೀಯಾ? ಎಣ್ಣೆ ಪುಲ್ಲಿ ಮೇಲೆ ಹೊಸ ಬೆಲ್ಟೂ ಜಾರ್ತದೆ." ಹಳೇ ಪಂಚೆಯ ತುಂಡಿನಿಂದ ಪುಲ್ಲಿಯ ಒಂದೊಂದು ಗೀರನ್ನೂ ಒರೆಸಿ ಒಣಗಿಸಿದರು. ಗಿರಣಿಯ ಪಟ್ಟಿ ಜಾರಿದರೆ ಅವರು ರಾಳದ ಪುಡಿ ಹಾಕುತ್ತಿದ್ದರಂತೆ. ಇದಕ್ಕೆ ಅದೂ ಬೇಡ, ಶುದ್ಧವಾಗಿ ಒಣಗಿದ್ದರೆ ಸಾಕು ಅಂದೆ. ಪಂಪನ್ನು ಹೊರಗೆ ಎಳೆದು ಹಿಡಿದದ್ದು ಅವರು, ಬೋಲ್ಟ್ ಬಿಗಿದದ್ದು ನಾನು. ನಾನು ಇನ್ನೂ ಸ್ವಲ್ಪ ಬಿಗಿ ಮಾಡೋಣ ಅಂದಾಗ, "ಬೇಡ. ಹೆಚ್ಚು ಬಿಗಿದ್ರೆ ಬೇರಿಂಗ್ ಹೋಗ್ತದೆ" ಅಂದರು. ನಾನು ಸ್ಕೇಲ್ ಇಟ್ಟು ಅಳೆದೆ. ಅವರ ಹೆಬ್ಬೆರಳಿನ ಲೆಕ್ಕ ಪುಸ್ತಕದ ಲೆಕ್ಕಕ್ಕೆ ಒಂದು ಮಿಲಿಮೀಟರ್ ಕೂಡ ಹೆಚ್ಚುಕಡಿಮೆ ಇರಲಿಲ್ಲ.

ಆಮೇಲೆ ಒಳಗಿನ ಗಾಳಿ ಬಿಡಿಸುವ ಕೆಲಸ. ಹೊಸ ಎಣ್ಣೆ ತುಂಬಿ, ಎಂಜಿನ್ ಸ್ಟಾರ್ಟ್ ಮಾಡದೆ, ಸ್ಟೀರಿಂಗನ್ನು ನಿಧಾನಕ್ಕೆ ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಾ ಇರಬೇಕು. ಅಪ್ಪಯ್ಯ ಒಳಗೆ ಕೂತು ತಿರುಗಿಸಿದರು. ನಾನು ಡಬ್ಬಿ ನೋಡುತ್ತಾ, ಇಳಿದಷ್ಟು ಎಣ್ಣೆ ಹಾಕುತ್ತಾ ನಿಂತೆ. ಗುಳ್ಳೆ ಬರುತ್ತಿತ್ತು, ಮಟ್ಟ ಇಳಿಯುತ್ತಿತ್ತು. ಇಪ್ಪತ್ತು ಸಲ ಆಗಿರಬೇಕು, ಗುಳ್ಳೆ ನಿಂತಿತು. ಗಾಡಿ ಕೆಳಗಿಳಿಸಿ, ಬಾನೆಟ್ ಸುತ್ತ ಏನೂ ಬಿಟ್ಟಿಲ್ಲ ಅಂತ ನೋಡಿ, ಅಪ್ಪಯ್ಯ ಜೇಬಿನಿಂದ ಕೀ ತೆಗೆದರು.

ಸ್ಟಾರ್ಟ್ ಆಯಿತು. ಕಿರುಚಲಿಲ್ಲ.

"ತಿರುಗಿಸಿ ಅಪ್ಪಯ್ಯ, ನಿಧಾನಕ್ಕೆ. ಪೂರ್ತಿ ಕೊನೆಗೆ ಹೋದಾಗ ಅಲ್ಲೇ ಒತ್ತಿ ಹಿಡೀಬೇಡಿ."

ಅವರು ಎರಡೂ ಕೈಯಲ್ಲಿ, ಭುಜ ಬಿಗಿ ಮಾಡಿಕೊಂಡು, ಅಷ್ಟು ದಿನ ಎಳೆದ ಹಾಗೇ ಎಳೆದರು. ಸ್ಟೀರಿಂಗ್ ಸರ್ರನೆ ತಿರುಗಿಬಿಟ್ಟಿತು. ಅವರಿಗೇ ಗಾಬರಿ. ಕೈ ತೆಗೆದರು. ಆಮೇಲೆ ಒಂದೇ ಕೈಯಲ್ಲಿ, ಆಮೇಲೆ ಅಂಗೈಯನ್ನು ಸುಮ್ಮನೆ ಒತ್ತಿ ತಿರುಗಿಸಿದರು. ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ.

"ಮೊದಲು ಇದು ಹೀಗೇ ಇತ್ತಾ?" ಅಂದರು.

"ಹೀಗೇ ಇತ್ತು. ಸ್ವಲ್ಪ ಸ್ವಲ್ಪ ಭಾರ ಆಗ್ತಾ ಹೋಯ್ತಲ್ಲ, ನಿಮಗೆ ಗೊತ್ತಾಗಲಿಲ್ಲ."

ಅಪ್ಪಯ್ಯ ಎಂಜಿನ್ ಆಫ್ ಮಾಡಿದರು. ಇಳಿಯಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮಾರು ಹೊತ್ತು ಅಂಗಳದ ತುಳಸಿಕಟ್ಟೆ ನೋಡುತ್ತಾ ಕೂತರು. ಆಮೇಲೆ, "ನಾನು ಮುಗೀತು ಅಂತ್ಲೇ ಮಾಡಿದ್ದೆ ಮಾರಾಯ್ತಿ" ಅಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ವಯಸ್ಸಾಯ್ತಲ್ಲ ಅಂತ ಫೋನಿನಲ್ಲಿ ಹೇಳಿದ್ದು ನಾನೇ. ಅವರು ಅದನ್ನು ನಂಬಿ, ಮಗಳು ಎಂಜಿನಿಯರು, ಸರಿಯಾಗೇ ಹೇಳಿರ್ತಾಳೆ ಅಂತ ಒಪ್ಪಿಕೊಂಡು, ಒಂದೊಂದೇ ದಾರಿ ಬಿಟ್ಟುಕೊಂಡು ಬಂದಿದ್ದರು. "ಅವತ್ತು ನಾನು ಹಾಗೆ ಹೇಳಬಾರದಿತ್ತು ಅಪ್ಪಯ್ಯ" ಅಂದೆ. "ಹೋಗ್ಲಿ ಬಿಡು" ಅಂದರು. ಅಮ್ಮ ಜಗಲಿಯಿಂದಲೇ, "ಶಬ್ದ ಇದೆ ಅಂತ ನಾನು ಹೇಳಿದ್ನೋ ಇಲ್ವೋ?" ಅಂದಳು. ಅದಕ್ಕೆ ಮಾತ್ರ ನಾವಿಬ್ಬರೂ ಉತ್ತರ ಕೊಡಲಿಲ್ಲ.

ಎಲ್ಲವೂ ಕಾರಿನದೇ ತಪ್ಪು, ಅಪ್ಪಯ್ಯನಿಗೆ ಏನೂ ಆಗಿಲ್ಲ ಅಂತ ನಾನು ಹೇಳುವುದಿಲ್ಲ. ಅವರ ಬಲಭುಜ ನಿಜಕ್ಕೂ ನೋಯುತ್ತದೆ, ಭಾರದ ಸ್ಟೀರಿಂಗ್ ಎಳೆದೂ ಎಳೆದೂ ಅದು ಹೆಚ್ಚಾಗಿತ್ತು ಅಷ್ಟೆ. ಶಿವಮೊಗ್ಗದಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು. ಗ್ರಾಫಿನಲ್ಲಿ ಗೆರೆ ಎತ್ತರದ ಸ್ವರಗಳ ಹತ್ತಿರ ದೊಪ್ಪನೆ ಕೆಳಗಿಳಿದಿತ್ತು. ಡಾಕ್ಟರು ಹಿಯರಿಂಗ್ ಏಡ್ ಬರೆದುಕೊಟ್ಟರು. ಅದು ಹೆಚ್ಚಾಗಿ ಅವರ ಅಂಗಿ ಜೇಬಿನಲ್ಲೇ ಇರುತ್ತದೆ. ಗಾಡಿ ಓಡಿಸುವಾಗ ಕಿವಿಗೆ ಹಾಕಬೇಕು, ರಾತ್ರಿ ಹೊತ್ತು ಓಡಿಸಬಾರದು ಅಂತ ಒಂದು ಒಪ್ಪಂದ ಆಗಿದೆ. ಬ್ರೋಕರ್ ಸೋಮವಾರ ಬಂದ. ಅಮ್ಮ ಕಾಫಿ ಕೊಟ್ಟು ಕಳಿಸಿದಳು.

ಮಂಗಳವಾರ ಬೆಳಿಗ್ಗೆ ಹೊನ್ನಾವರಕ್ಕೆ ಹೊರಟೆವು. ಹೊರಡುವ ಮುಂಚೆ ಪೈಪಿನ ಕ್ಲಿಪ್ಪಿನ ಹತ್ತಿರ ಬೆರಳಾಡಿಸಿ ನೋಡಿದೆ, ಒಣಗಿತ್ತು. ಘಾಟಿಯ ತಿರುವುಗಳಲ್ಲಿ ನಾನು ಪಕ್ಕದ ಸೀಟಿನಲ್ಲಿ ಅಪ್ಪಯ್ಯನ ಕೈಯನ್ನೇ ನೋಡುತ್ತಿದ್ದೆ. "ರಸ್ತೆ ನೋಡು, ನನ್ನನ್ನೆಂತ ನೋಡೋದು?" ಅಂತ ಬೈಸಿಕೊಂಡೆ. ಅತ್ತೆ ಗೇಟಿನ ಹತ್ತಿರವೇ ಬಂದು ನಿಂತಿದ್ದರು. ತುಂಬಾ ಇಳಿದುಹೋಗಿದ್ದರು. ಅಪ್ಪಯ್ಯ ಅವರ ಕೈ ಹಿಡಿದುಕೊಂಡು, "ಕಾರು ಹಾಳಾಗಿತ್ತು ಮಾರಾಯ್ತಿ, ಅದಕ್ಕೇ ಬರಲಿಲ್ಲ" ಅಂದರು. ಆ ವಾಕ್ಯ ಹೇಳುವಾಗ ಅವರ ದನಿಯಲ್ಲಿದ್ದ ಸಮಾಧಾನ ನನಗೊಬ್ಬಳಿಗೆ ಗೊತ್ತಾಗಿರಬೇಕು.

ನಿಮ್ಮ ಮನೆಯಲ್ಲೂ ಅಪ್ಪನೋ ಮಾವನೋ ಓಡಿಸುವ ಹಳೇ ಕಾರಿದ್ದರೆ, ಊರಿಗೆ ಹೋದಾಗ ಹತ್ತು ನಿಮಿಷ ಬಾನೆಟ್ ಎತ್ತಿ ನೋಡಿ. ಎಂಜಿನ್ ತಣ್ಣಗಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ. ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತಿದ್ದರೂ ತಾನಾಗಿ ತಿರುಗುತ್ತದೆ, ಅದರ ಹತ್ತಿರ ಕೈ ಬೇಡ. ಎಣ್ಣೆ ಎರಡು ಗೆರೆಗಳ ಮಧ್ಯೆ ಇದೆಯಾ, ಕಪ್ಪಾಗಿದೆಯಾ, ಗುಳ್ಳೆ ಇದೆಯಾ, ಬೆಲ್ಟಿನಲ್ಲಿ ಸೀಳು, ಹೊಳಪು, ಎಣ್ಣೆ ಪಸೆ ಇದೆಯಾ ಅಂತ ನೋಡಿದರೆ ಸಾಕು. ಹೊಸ ಬೆಲ್ಟು ಹಾಕಿಸಿದ್ದರೆ ಕೆಲವು ದಿನ ಓಡಿದ ಮೇಲೆ ಅದರ ಬಿಗಿ ಇನ್ನೊಮ್ಮೆ ನೋಡಿಸಿ, ಸ್ವಲ್ಪ ಸಡಿಲ ಆಗಿರುತ್ತದೆ. ತೆಗೆದ ಹಳೇ ಎಣ್ಣೆಯನ್ನು ಚರಂಡಿಗೋ ತೋಟಕ್ಕೋ ಚೆಲ್ಲದೆ ಗ್ಯಾರೇಜಿಗೆ ಕೊಡಿ. ಮತ್ತೆ, ಗಾಡಿ ಓಡಿಸುವವರು 'ಭಾರ ಆಗ್ತದೆ' ಅಂದರೆ ಒಂದು ಸಲ ನೀವೇ ಆ ಸೀಟಿನಲ್ಲಿ ಕೂತು ತಿರುಗಿಸಿ ನೋಡಿ.

ಈಗ ಅಪ್ಪಯ್ಯ ಗಿರಣಿಯ ಹಳೇ ಲೆಕ್ಕದ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳಲ್ಲಿ ಕಾರಿನ ಲೆಕ್ಕ ಬರೆಯುತ್ತಾರೆ. ಪ್ರತಿ ತಿಂಗಳು ಒಂದನೇ ತಾರೀಖು ಬಾನೆಟ್ ಎತ್ತಿ, ಎಣ್ಣೆ ಡಬ್ಬಿಯ ಫೋಟೊ ತೆಗೆದು ನನಗೆ ವಾಟ್ಸ್ಆ್ಯಪ್ ಮಾಡುತ್ತಾರೆ. ಕೆಳಗೆ ಒಂದೇ ಸಾಲು: "ಸ್ಟೀರಿಂಗ್ ಎಣ್ಣೆ ಸರಿ ಇದೆ. ಬೆಲ್ಟು ಸರಿ ಇದೆ." ಕಳೆದ ತಿಂಗಳು ಎರಡನೇ ತಾರೀಖಾದರೂ ಫೋಟೊ ಬರಲಿಲ್ಲ. ಮೀಟಿಂಗ್ ನಡೆಯುತ್ತಿತ್ತು. ಎದ್ದು ಹೊರಗೆ ಬಂದು ಫೋನ್ ಮಾಡಿದೆ.

"ಎಂತಾಯ್ತು ಅಪ್ಪಯ್ಯ, ಹುಷಾರಿದೀರಲ್ಲ?"

"ನಾವು ಹೊನ್ನಾವರದಲ್ಲಿದೀವಿ ಪುಟ್ಟಿ" ಅಂದರು. "ನಿನ್ನೆ ಅರ್ಜೆಂಟಲ್ಲಿ ಹೊರಟ್ವಿ. ಫೋಟೊ ಮರ್ತೇ ಹೋಯ್ತು."